ಮೆಂಟರ್ ಸರ್ ಹತ್ತಿರ ಹೋಗಿ ಏನು ಕೇಳಬೇಕು? ಮುಂಬಯಿ, ಪುಣೆ, ಗೋವಾ ಕಾಲೇಜಿನವರು ಹೇಳಿ

ಡೊಂಬಿವಲಿ_ಫಾಸ್ಟ್

ಎಲ್ಲರಿಗೂ ನಮಸ್ಕಾರ. ನಾನು ಮುಂಬಯಿಯ ಒಂದು ಕಾಲೇಜಿನಲ್ಲಿ ಎಸ್‌ವೈ (ಎರಡನೇ ವರ್ಷ) ಬಿಎಸ್ಸಿ ಓದುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ, ಇಲ್ಲಿ ನಮ್ಮ ಕ್ಲಾಸಿನವರೂ ಇರಬಹುದು.

ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಮೆಂಟರ್ ಇರುತ್ತಾರೆ. ಸೆಮಿಸ್ಟರಿಗೆ ಒಂದು ಸಲ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಫಾರ್ಮ್ ತುಂಬಿಸುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ, ಅಷ್ಟೇ. ನನ್ನ ಮೆಂಟರ್ ಸರ್ ಕೆಟ್ಟವರಲ್ಲ. ಪಾಠ ಚೆನ್ನಾಗಿ ಮಾಡುತ್ತಾರೆ. ಆದರೆ ನನ್ನ ರೋಲ್ ನಂಬರ್ ಬಿಟ್ಟರೆ ಅವರಿಗೆ ನನ್ನ ಬಗ್ಗೆ ಏನೂ ಗೊತ್ತಿಲ್ಲ.

ಈಗ ನಿಜವಾಗಿ ಸಲಹೆ ಬೇಕಾಗಿದೆ. ಮೂರು ವರ್ಷಕ್ಕೆ ಡಿಗ್ರಿ ಮುಗಿಸಿ ಎಂಎಸ್ಸಿಗೆ ಹೋಗಬೇಕಾ, ನಾಲ್ಕನೇ ವರ್ಷ ಆನರ್ಸ್ ಮಾಡಬೇಕಾ? ಸ್ಟಾಟಿಸ್ಟಿಕ್ಸ್ ಮೈನರ್ (ಎರಡನೇ ವಿಷಯ) ತೆಗೆದುಕೊಂಡರೆ ಮುಂದೆ ಉಪಯೋಗ ಇದೆಯಾ? ಜೊತೆಗೆ ಈ ಮಳೆಗಾಲದಲ್ಲಿ ಟ್ರೇನ್ ಕೈಕೊಟ್ಟು ಬೆಳಗಿನ ಪ್ರಾಕ್ಟಿಕಲ್‌ಗಳು ತಪ್ಪಿವೆ, ಹಾಜರಿ ಕಡಿಮೆಯಾದವರ ಡಿಫಾಲ್ಟರ್ ಲಿಸ್ಟಿನ ಅಂಚಿನಲ್ಲಿದ್ದೇನೆ. ಅಪ್ಪ ಹೋಟೆಲಿನಲ್ಲಿ ಕ್ಯಾಶಿಯರ್. ನಮ್ಮ ಮನೆಯಲ್ಲಿ ಕಾಲೇಜಿಗೆ ಹೋದವಳು ನಾನೇ ಮೊದಲು. ಹಾಗಾಗಿ ಮನೆಯಲ್ಲಿ ಕೇಳುವ ಹಾಗಿಲ್ಲ.

ಸ್ಟಾಫ್ ರೂಮಿಗೆ ಹೋದರೆ ಮಾತು ಶುರು ಮಾಡುವುದು ಹೇಗೆ? "ಸರ್, ಸಲಹೆ ಕೊಡಿ" ಅಂತಲಾ?

ಬೀದರ್_ಟು_ಪುಣೆ

ತಂಗಿ, ಮೊದಲು ಹಾಜರಿ ವಿಷಯ. ಅದು ಕಾಯುವುದಿಲ್ಲ, ಉಳಿದದ್ದು ಕಾಯುತ್ತದೆ.

ಪುಣೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೆಂಟರ್‌ಗೆ ಜಿಎಫ್‌ಎಂ ಅಂತಾರೆ, ಗಾರ್ಡಿಯನ್ ಫ್ಯಾಕಲ್ಟಿ ಮೆಂಬರ್. ಹಾಜರಿ ಕಡಿಮೆಯಾದರೆ ಮನೆಗೆ ಫೋನ್ ಮಾಡುವವರು ಅವರೇ. ಅದಕ್ಕೇ ಹುಡುಗರು ಜಿಎಫ್‌ಎಂ ಎದುರು ಬಂದರೆ ಬೇರೆ ಮೆಟ್ಟಿಲು ಹಿಡಿಯುತ್ತಾರೆ. ಲಿಸ್ಟ್ ನೋಟಿಸ್ ಬೋರ್ಡಿಗೆ ಬಿದ್ದ ದಿನ ಅದೇ ಹುಡುಗರು ಕ್ಯಾಬಿನ್ ಮುಂದೆ ಸಾಲು ನಿಂತಿರುತ್ತಾರೆ. ಆಗ ಅವರ ಕೈಯಲ್ಲೂ ಏನೂ ಉಳಿದಿರುವುದಿಲ್ಲ ನೋಡ್ರಿ, ಹೆಸರು ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿರುತ್ತದೆ.

ಲಿಸ್ಟ್ ಬರುವ ಮುಂಚೆ ಹೋದರೆ ಕಥೆ ಬೇರೆ. ತಪ್ಪಿದ ಪ್ರಾಕ್ಟಿಕಲ್ ಇನ್ನೊಂದು ಬ್ಯಾಚಿನ ಜೊತೆ ಮಾಡಿಸಬಹುದು. ಮಧ್ಯಾಹ್ನದ ಬ್ಯಾಚಿಗೆ ಬದಲಿಸಬಹುದು. ಅದು ಅವರ ಮಟ್ಟದಲ್ಲೇ ಆಗುವ ಕೆಲಸ. ಈ ವಾರವೇ ಹೋಗು.

ವಡಾಪಾವ್_ವಿದ್ವಾನ್

ಮೆಂಟರ್ ಅಂದರೆ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಮಾತ್ರ ಕಾಣಿಸಿಕೊಳ್ಳುವವರು. ನಮ್ಮ ಕಾಲೇಜಿನಲ್ಲಿ ಒಂದೇ ದಿನ ಮೂರು ಸೆಮಿಸ್ಟರಿನ ಮೀಟಿಂಗಿಗೆ ಸಹಿ ಹಾಕಿಸಿದರು. ಬೇರೆ ಬೇರೆ ಬಣ್ಣದ ಪೆನ್ ತನ್ನಿ ಅಂತ ಮೊದಲೇ ಹೇಳಿದ್ದರು. ಸುಮ್ನೆ ಸೀನಿಯರ್ ಹತ್ತಿರ ಕೇಳಿಕೊಳ್ಳಿ, ಕೆಲಸ ಆಗುತ್ತದೆ.

ಮಾಟುಂಗಾ_ಮೇಡಂ

ವಿದ್ವಾನರೇ, ಪೆನ್ನಿನ ವಿಷಯ ಓದಿ ನಗು ಬಂತು, ನಾಚಿಕೆಯೂ ಆಯಿತು. ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವವಳು, ಮೆಂಟರ್ ಕೂಡ. ಮೇಜಿನ ಈ ಕಡೆಯಿಂದ ಸ್ವಲ್ಪ ಹೇಳುತ್ತೇನೆ, ಉದ್ದ ಆಗುತ್ತದೆ.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಅಸಿಸ್ಟೆಂಟ್ ಪ್ರೊಫೆಸರಿಗೆ ವಾರಕ್ಕೆ 16 ಗಂಟೆ ಪಾಠ. ಕೇಳಿದರೆ ಆರಾಮದ ಕೆಲಸ ಅನಿಸುತ್ತದೆ. ಅದರ ಮೇಲೆ ಪೇಪರ್ ತಿದ್ದುವುದು, ಪರೀಕ್ಷಾ ಡ್ಯೂಟಿ, ಅಡ್ಮಿಷನ್ ಕಮಿಟಿ, ಹೊಸ ಸಿಲಬಸ್, ಫೆಸ್ಟ್, ಎನ್‌ಎಸ್‌ಎಸ್. ಅದರ ನಡುವೆ ಒಂದು ಹಾಳೆ ಕೊಟ್ಟು "ಇವರು ನಿಮ್ಮ ಮೆಂಟೀಗಳು" ಅನ್ನುತ್ತಾರೆ. ಆ ಹಾಳೆಯಲ್ಲಿ ಇರುವುದು ಹೆಸರು, ರೋಲ್ ನಂಬರ್, ಫೋನ್. ಯಾರ ಅಪ್ಪ ಎಲ್ಲಿ ಕೆಲಸ ಮಾಡುತ್ತಾರೆ, ಯಾರು ಕರ್ಜತ್‌ನಿಂದ ಬರುತ್ತಾರೆ, ಯಾರಿಗೆ ಲೆಕ್ಕ ಇಷ್ಟ, ಇದೆಲ್ಲ ಗೊತ್ತಾಗುವುದು ಬಂದು ಮಾತಾಡಿದವರದ್ದು ಮಾತ್ರ. ಬಾರದವರ ಮೇಲೆ ಸಿಟ್ಟೇನೂ ಇರುವುದಿಲ್ಲ. ಅವರು ಮನಸ್ಸಿನಲ್ಲಿ ಇರುವುದೇ ಇಲ್ಲ, ಅಷ್ಟೇ.

ಇನ್ನು ನ್ಯಾಕ್. ಬೆಂಗಳೂರಿನ ನಾಗರಭಾವಿಯಲ್ಲಿ ಕೂತಿರುವ ಆ ಸಂಸ್ಥೆಯನ್ನು ಬೈಯುವುದು ನಮ್ಮ ಸ್ಟಾಫ್ ರೂಮಿನ ದಿನನಿತ್ಯದ ಕೆಲಸ. ಆದರೆ ಅದರಿಂದ ನಿಮಗೊಂದು ಲಾಭ ಇದೆ. ಮೆಂಟರಿಂಗ್ ನಡೆದಿದೆ ಅಂತ ಕಾಲೇಜು ದಾಖಲೆ ತೋರಿಸಬೇಕು. ನಮ್ಮ ಫೈಲಿನಲ್ಲಿ ವಿದ್ಯಾರ್ಥಿಯ ತೊಂದರೆ, ಕೊಟ್ಟ ಸಲಹೆ, ಆಮೇಲೆ ಏನಾಯಿತು ಅಂತ ಕಾಲಂಗಳಿವೆ. ಮುಕ್ಕಾಲು ಪಾಲು ಪುಟಗಳಲ್ಲಿ "ಚೆನ್ನಾಗಿ ಓದಲು ಸೂಚಿಸಲಾಯಿತು" ಅಂತಲೇ ಇರುತ್ತದೆ. ನೀವು ಬಂದು ನಿಜವಾದ ಒಂದು ವಿಷಯ ಹೇಳಿದರೆ ಆ ಪುಟ ತಾನಾಗಿ ತುಂಬುತ್ತದೆ. ನೀವು ಹೋಗುವುದು ಅವರಿಗೂ ಬೇಕಾದ ಕೆಲಸವೇ. ತೊಂದರೆ ಕೊಡುತ್ತಿದ್ದೇನೆ ಅನ್ನುವ ಸಂಕೋಚ ಬೇಡ.

ಹೋಗುವಾಗ ಕಾಗದ ಇರಲಿ. ಮಾರ್ಕ್‌ಶೀಟುಗಳು, ಹಾಜರಿ ಲೆಕ್ಕ, ಡಿಜಿಲಾಕರ್‌ನಲ್ಲಿ ಎಬಿಸಿಗೆ (ನಿಮ್ಮ ಕ್ರೆಡಿಟ್ ಖಾತೆಗೆ) ಎಷ್ಟು ಕ್ರೆಡಿಟ್ ಜಮೆ ಆಗಿದೆ ಅನ್ನುವುದರ ಪ್ರಿಂಟ್. ಕೈಯಲ್ಲಿ ಏನೂ ಇಲ್ಲದೆ ಬಂದವರಿಗೆ ನಾವು ಉಪದೇಶ ಕೊಡುತ್ತೇವೆ. ಮಾರ್ಕ್‌ಶೀಟ್ ಮುಂದಿಟ್ಟರೆ ಕಣ್ಣು ತಾನಾಗಿ ಆ ಒಂದು ಕೆಟಿ (ಪಾಸಾಗದೆ ಉಳಿದ ಪೇಪರ್) ಮೇಲೆ ಹೋಗುತ್ತದೆ, ಮಾತು ಅಲ್ಲಿಂದ ಶುರುವಾಗುತ್ತದೆ.

ಮತ್ತೆ, ಸುತ್ತೋಲೆಯಲ್ಲಿ ಇರುವುದನ್ನು ಮೆಂಟರ್ ಹತ್ತಿರ ಕೇಳಬೇಡಿ. ಯುಜಿಸಿ ಚೌಕಟ್ಟಿನಲ್ಲಿ ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷಕ್ಕೆ 160. ಸಂಶೋಧನೆಯ ಜೊತೆ ಆನರ್ಸ್ ಬೇಕಾದರೆ ಮೊದಲ ಆರು ಸೆಮಿಸ್ಟರಿನಲ್ಲಿ 75 ಶೇಕಡಾ ಬೇಕು. ನಾಲ್ಕು ವರ್ಷ ಮುಗಿಸಿದವರಿಗೆ ಒಂದು ವರ್ಷದ ಎಂಎಸ್ಸಿಗೆ ಅವಕಾಶ ಇದೆ. ಇದು ಯಾರು ಬೇಕಾದರೂ ಓದಬಹುದು. ಮೆಂಟರಿಗೆ ಮಾತ್ರ ಗೊತ್ತಿರುವುದು ಬೇರೆ: ನಮ್ಮ ಕಾಲೇಜಿನಲ್ಲಿ ಈ ವಿಷಯಕ್ಕೆ ನಾಲ್ಕನೇ ವರ್ಷ ನಿಜವಾಗಿ ನಡೆಯುತ್ತದಾ, ಗೈಡ್ ಮಾಡುವವರು ಯಾರಿದ್ದಾರೆ, ಲ್ಯಾಬ್ ಹೇಗಿದೆ, ಹೋದ ವರ್ಷ ಎಷ್ಟು ಮಂದಿ ಉಳಿದರು, ಯಾಕೆ ಬಿಟ್ಟರು. ಅದನ್ನು ಕೇಳಿ.

ಹೋಗುವ ಹೊತ್ತೂ ಮುಖ್ಯ. ಎರಡು ಲೆಕ್ಚರ್ ನಡುವಿನ ಐದು ನಿಮಿಷದಲ್ಲಿ ಬೇಡ. ಇಂಟರ್ನಲ್ ಮಾರ್ಕ್ಸ್ ಅಪ್‌ಲೋಡ್ ಮಾಡುವ ಕೊನೆಯ ದಿನ ಖಂಡಿತ ಬೇಡ. ಸಂಜೆ ಬ್ಯಾಗ್ ಹೆಗಲಿಗೆ ಹಾಕಿದ ಮೇಲೂ ಬೇಡ. ಬದ್ಲಾಪುರದ ಟ್ರೇನ್ ತಪ್ಪಿದರೆ ನನ್ನಂಥವಳ ಸಂಜೆಯೇ ಹಾಳು.

ಡೊಂಬಿವಲಿ_ಫಾಸ್ಟ್

ಮೇಡಂ, ತುಂಬಾ ಥ್ಯಾಂಕ್ಸ್. ಹೋದ ವರ್ಷ ಯಾರು ಉಳಿದರು ಅಂತ ಕೇಳುವುದು ನನಗೆ ಹೊಳೆದೇ ಇರಲಿಲ್ಲ.

ಕಿಂಗ್ಸ್_ಸರ್ಕಲ್_ಮಾವ

ಮಕ್ಕಳೇ, ಇಷ್ಟೆಲ್ಲ ಪ್ರಿಂಟು ಗಿಂಟು ಯಾಕೆ? ನಮ್ಮ ಕಾಲದಲ್ಲಿ ಮೇಷ್ಟ್ರ ಮನೆಗೇ ಹೋಗುತ್ತಿದ್ದೆವು. ಕಾಲಿಗೆ ನಮಸ್ಕಾರ ಮಾಡಿ, ಹಬ್ಬಕ್ಕೆ ಊರಿಂದ ತಂದ ಹಪ್ಪಳ ಸಂಡಿಗೆ ಕೊಟ್ಟು ಬರುತ್ತಿದ್ದೆವು. ಅವರು ಹೇಳಿದ್ದೇ ವೇದವಾಕ್ಯ. ಭಕ್ತಿ ಇದ್ದರೆ ಗುರು ತಾನಾಗಿ ದಾರಿ ತೋರಿಸುತ್ತಾನೆ.

ಅಂಧೇರಿ_ಅಕ್ಕ

ಮಾವ, ನಿಮ್ಮ ಮೇಷ್ಟ್ರು ಒಳ್ಳೆಯವರು ಸಿಕ್ಕಿದ್ದು ನಿಮ್ಮ ಪುಣ್ಯ. ಹೇಳಿದ್ದೆಲ್ಲ ವೇದವಾಕ್ಯ ಅಂತ ತಲೆಯಾಡಿಸಿದರೆ ಅವರು ಹಳೆ ಸಿಲಬಸ್ ಲೆಕ್ಕದಲ್ಲಿ ಕೊಟ್ಟ ಸಲಹೆಯೂ ವೇದವಾಕ್ಯ ಆಗುತ್ತದೆ. ಈಗಿನ ಮೇಜರ್, ಮೈನರ್, ಓಪನ್ ಇಲೆಕ್ಟಿವ್, ಒಜೆಟಿ (ಕೆಲಸದ ಜಾಗದಲ್ಲಿ ತರಬೇತಿ) ಎಲ್ಲ ಬಂದು ಎಷ್ಟು ದಿನ ಆಯಿತು? ಮಹಾರಾಷ್ಟ್ರದ ಹೆಚ್ಚಿನ ಕಾಲೇಜುಗಳಿಗೆ 2024ರಲ್ಲಿ ತಾನೇ ಬಂದದ್ದು. ಮೇಷ್ಟ್ರುಗಳೂ ನಮ್ಮ ಜೊತೆಯಲ್ಲೇ ಕಲಿಯುತ್ತಿದ್ದಾರೆ. "ಸರ್, ಸುತ್ತೋಲೆಯಲ್ಲಿ ಹೀಗಿದೆಯಲ್ಲ, ನಾನು ಸರಿಯಾಗಿ ಓದಿದೆನಾ?" ಅಂತ ಕೇಳಬಹುದು, ಮರ್ಯಾದೆ ಕೆಡುವುದಿಲ್ಲ.

ಮಾಟುಂಗಾ_ಮೇಡಂ

ಹಪ್ಪಳ ಸಂಡಿಗೆ ಮನೆಯಲ್ಲೇ ಇರಲಿ ಮಾವ. ಇಂಟರ್ನಲ್ ಮಾರ್ಕ್ಸ್ ಕೊಡುವವರ ಕೈಗೆ ಇಂಟರ್ನಲ್ ಸಮಯದಲ್ಲಿ ಮಿಠಾಯಿ ಡಬ್ಬ ಕೊಟ್ಟರೆ ನಮಗೆ ಮುಜುಗರ. ರಿಸಲ್ಟ್ ಬಂದ ಮೇಲೆ ಪೇಡೆ ಹಂಚಿದರೆ ಯಾರು ಬೇಡ ಅಂತಾರೆ?

ಆದರೆ ಮಾವನ ಮಾತಿನಲ್ಲಿ ಒಂದು ಅಂಶ ಸರಿ ಇದೆ. ಕೆಲಸ ಇದ್ದಾಗ ಮಾತ್ರ ಮುಖ ತೋರಿಸುವವರು ನಮಗೆ ಗೊತ್ತಾಗುತ್ತಾರೆ. ಕಾರಿಡಾರಿನಲ್ಲಿ ಸಿಕ್ಕಾಗ "ಮ್ಯಾಮ್, ನೀವು ಹೇಳಿದ ಕೋರ್ಸ್ ಶುರು ಮಾಡಿದೆ" ಅಂದರೆ ಸಾಕು.

ಜತ್_ತಾಲೂಕು

ನಂದು ಬೇರೆ ತರದ ಕಷ್ಟ. ನಾನು ಸಾಂಗ್ಲಿ ಜಿಲ್ಲೆ ಜತ್ ಕಡೆಯವನು. ಹತ್ತನೇ ತರಗತಿಯವರೆಗೆ ಕನ್ನಡ ಮೀಡಿಯಂ. ಈಗ ಪುಣೆಯಲ್ಲಿ ಬಿಕಾಂ. ಮೆಂಟರ್ ಮ್ಯಾಡಂ ಇಂಗ್ಲಿಷಿನಲ್ಲಿ ಶುರು ಮಾಡಿ ಮರಾಠಿಗೆ ಹೋಗುತ್ತಾರೆ. ಮರಾಠಿ ಅರ್ಥ ಆಗುತ್ತದೆ, ಮಾತಾಡಿದರೆ ನಮ್ಮ ಊರಿನ ಧಾಟಿ ಬರುತ್ತದೆ, ಹಿಂದೆ ಕೂತವರು ನಗುತ್ತಾರೆ. ಅದಕ್ಕೆ ಮೀಟಿಂಗಿನಲ್ಲಿ "ನೋ ಪ್ರಾಬ್ಲಮ್ ಮ್ಯಾಡಂ" ಅಂದು ಬಂದುಬಿಡುತ್ತೇನೆ. ಪ್ರಾಬ್ಲಮ್ ಇದೆ. ಸ್ಕಾಲರ್‌ಶಿಪ್ ಅರ್ಜಿ ಮಹಾರಾಷ್ಟ್ರ ಸರಕಾರದ ಮಹಾಡಿಬಿಟಿ ಪೋರ್ಟಲಿನಲ್ಲಿ ಕಾಲೇಜಿನ ಲೆವೆಲ್ಲಿಗೇ ನಿಂತಿದೆ.

ಬೀದರ್_ಟು_ಪುಣೆ

ತಮ್ಮಾ, ಗುಂಪಿನ ಮೀಟಿಂಗಿನಲ್ಲಿ ಹೇಳಬೇಡ, ಒಬ್ಬನೇ ಹೋಗು. ನಗುವವರು ಅಲ್ಲಿ ಇರುವುದಿಲ್ಲ. ಒಂದು ಚೀಟಿಯಲ್ಲಿ ಅರ್ಜಿ ನಂಬರ್, ಯಾವ ದಿನ ಹಾಕಿದ್ದು, ಈಗ ಪೋರ್ಟಲಿನಲ್ಲಿ ಏನು ತೋರಿಸುತ್ತಿದೆ ಅಂತ ಬರೆದುಕೊಂಡು ಹೋಗು. ಚೀಟಿ ಮುಂದಿಟ್ಟು ನಿನ್ನ ಮರಾಠಿಯಲ್ಲೇ ಹೇಳು. ಧಾಟಿ ಯಾವುದಾದರೂ ಇರಲಿ, ನಂಬರ್ ನಂಬರೇ.

ಅಂದಹಾಗೆ ಆ ಅರ್ಜಿಯನ್ನು ಮುಂದೆ ತಳ್ಳುವುದು ಮೆಂಟರ್ ಅಲ್ಲ, ಆಫೀಸಿನ ಸ್ಕಾಲರ್‌ಶಿಪ್ ಕ್ಲರ್ಕ್. ಆದರೆ ಮೆಂಟರ್ ಒಂದು ಮಾತು ಹೇಳಿ ಕಳಿಸಿದರೆ ಕಿಟಕಿಯ ಹತ್ತಿರ "ನಾಳೆ ಬಾ" ಅನ್ನುವುದು ಕಡಿಮೆ ಆಗುತ್ತದೆ.

ಮಾಟುಂಗಾ_ಮೇಡಂ

ಬೀದರ್ ಅವರು ಹೇಳಿದ್ದು ಸರಿ. ಯಾವ ಕೆಲಸ ಯಾರದ್ದು ಅನ್ನುವುದು ಅರ್ಧ ಜಗಳಕ್ಕೆ ಕಾರಣ. ಮೆಂಟರ್ ಮಾರ್ಕ್ಸ್ ಬದಲಿಸಲಾರರು, ರೀವ್ಯಾಲ್ಯುಯೇಷನ್ ಪರೀಕ್ಷಾ ವಿಭಾಗದ್ದು. ಮೈನರ್ ಬದಲಾವಣೆಗೆ ಎಚ್‌ಒಡಿ ಸಹಿ ಬೇಕು. ಫೀಸಿನ ಕಂತು ಪ್ರಿನ್ಸಿಪಾಲರ ಹತ್ತಿರ. ಮೆಂಟರ್ ಮಾಡಬಹುದಾದದ್ದು, ಯಾವ ಬಾಗಿಲು ತಟ್ಟಬೇಕು ಅಂತ ಹೇಳಿ ಅಲ್ಲಿಗೆ ನಿಮ್ಮ ಪರವಾಗಿ ಒಂದು ಸಾಲು ಬರೆದುಕೊಡುವುದು.

ನೆರೂಲ್_ಅಮ್ಮ

ಮಗ ಎಫ್‌ವೈ (ಮೊದಲ ವರ್ಷ) ಸೇರಿದ್ದಾನೆ, ನಾಚಿಕೆ ಸ್ವಭಾವ. ನಾನೇ ಹೋಗಿ ಮೆಂಟರನ್ನು ಕಂಡು ಮಾತಾಡಲಾ?

ವಡಾಪಾವ್_ವಿದ್ವಾನ್

ಅಮ್ಮ, ಬೇಡಮ್ಮ. ಆಮೇಲೆ ಮೂರು ವರ್ಷ ಅವನ ಹೆಸರೇ "ಮಮ್ಮಿ" ಆಗುತ್ತದೆ.

ಮಾಟುಂಗಾ_ಮೇಡಂ

ಕಾಲೇಜು ಕರೆದ ಪೋಷಕರ ಸಭೆಗೆ ಹೋಗಿ, ಪರಿಚಯ ಮಾಡಿಕೊಳ್ಳಿ. ಆರೋಗ್ಯದ ವಿಷಯ ಇದ್ದರೆ ಹೇಳಿ. ಉಳಿದದ್ದಕ್ಕೆ ಅವನೇ ಬರಲಿ. ಅಮ್ಮ ಮಾತಾಡುವಾಗ ಹುಡುಗ ಪಕ್ಕದಲ್ಲಿ ಗೋಡೆ ನೋಡುತ್ತಾ ನಿಂತಿರುತ್ತಾನೆ, ಅವನಿಗೆ ಏನು ಬೇಕು ಅಂತ ಕೊನೆಗೂ ನನಗೆ ತಿಳಿಯುವುದಿಲ್ಲ.

ಪವಾಯಿ_ಹಾಸ್ಟೆಲ್

ಐಐಟಿಯಲ್ಲಿ ಇವರನ್ನು ಫ್ಯಾಕಲ್ಟಿ ಅಡ್ವೈಸರ್ ಅಂತಾರೆ, ನಮ್ಮ ಬಾಯಲ್ಲಿ ಫ್ಯಾಕ್‌ಆಡ್. ಪ್ರತಿ ಸೆಮಿಸ್ಟರಿನ ಕೋರ್ಸ್ ರಿಜಿಸ್ಟ್ರೇಷನ್‌ಗೆ ಅವರ ಒಪ್ಪಿಗೆ ಬೇಕು, ಹಾಗಾಗಿ ಪೂರ್ತಿ ತಪ್ಪಿಸಿಕೊಂಡು ಓಡಾಡುವ ಹಾಗಿಲ್ಲ. ಇದರ ಪಕ್ಕದಲ್ಲೇ ಡಿಪಾರ್ಟ್‌ಮೆಂಟಿನ ಸೀನಿಯರ್‌ಗಳು ಮೆಂಟರ್ ಆಗುವ ವ್ಯವಸ್ಥೆಯೂ ಇದೆ.

ವಿದ್ವಾನರು ಸೀನಿಯರ್ ಹತ್ತಿರ ಕೇಳಿ ಅಂದರಲ್ಲ, ಅರ್ಧ ಒಪ್ಪುತ್ತೇನೆ. ಯಾವ ಪ್ರೊಫೆಸರ್ ಕಷ್ಟದ ಪೇಪರ್ ಕೊಡುತ್ತಾರೆ, ಯಾವ ಲ್ಯಾಬಿನಲ್ಲಿ ಕೆಲಸ ಜಾಸ್ತಿ, ಇದು ಸೀನಿಯರಿಗೇ ಗೊತ್ತು. ಆದರೆ ಸೀನಿಯರ್ ಹೇಳುವುದು ಅವನ ಬ್ಯಾಚಿನ ನಿಯಮ. ಉದಾಹರಣೆಗೆ ಸರಕಾರದ ಸ್ವಯಂ ಪೋರ್ಟಲಿನ ಆನ್‌ಲೈನ್ ಕೋರ್ಸುಗಳು. ಒಂದು ಸೆಮಿಸ್ಟರಿನ 40 ಶೇಕಡಾ ಕೋರ್ಸುಗಳವರೆಗೆ ಆನ್‌ಲೈನ್ ಕ್ರೆಡಿಟ್ ಒಪ್ಪಬಹುದು ಅಂತ ಯುಜಿಸಿ 2021ರಲ್ಲಿ ಹೇಳಿದೆ. ಒಪ್ಪಬಹುದು, ಅಷ್ಟೇ. ಯಾವ ಕೋರ್ಸ್ ಅನ್ನುವುದು ನಿಮ್ಮ ಸಂಸ್ಥೆಯ ತೀರ್ಮಾನ. ಬೇರೆ ಕಾಲೇಜಿನ ನನ್ನ ಗೆಳೆಯ ಸ್ವಯಂನಲ್ಲಿ ಸಿಗುವ ಎನ್‌ಪಿಟೆಲ್ ಕೋರ್ಸ್ ಮುಗಿಸಿ, ಪರೀಕ್ಷೆ ಪಾಸಾಗಿ, ಸರ್ಟಿಫಿಕೇಟ್ ಹಿಡಿದು ಹೋದ. "ಮೊದಲೇ ಕೇಳಬೇಕಿತ್ತು, ಇದು ನಮ್ಮ ಪಟ್ಟಿಯಲ್ಲಿಲ್ಲ" ಅಂದರು. ಸೇರುವ ಮುಂಚೆ ಮೆಂಟರಿಗೆ ಒಂದು ಮೇಲ್ ಹಾಕಿ ಉತ್ತರ ಇಟ್ಟುಕೊಂಡಿದ್ದರೆ ಆ ಕ್ರೆಡಿಟ್ ಸಿಗುತ್ತಿತ್ತು.

ತಾಳಗಾಂವ್_ಗುಡ್ಡ

ಗೋವಾದಿಂದ ನಾನು. ಊರು ಕಾರವಾರ, ಇಲ್ಲಿ ಪಿಎಚ್‌ಡಿ. ನಮ್ಮದು ಗೈಡ್ ಜೊತೆಗಿನ ಸಂಸಾರ, ಮೆಂಟರಿಗಿಂತ ಉದ್ದದ್ದು. ಆದರೆ ಒಂದು ಅಭ್ಯಾಸ ಡಿಗ್ರಿಯವರಿಗೂ ಉಪಯೋಗ ಆಗಬಹುದು.

ಭೇಟಿ ಮುಗಿದ ದಿನ ಸಂಜೆಯೇ ನಾಲ್ಕು ಸಾಲಿನ ಮೇಲ್ ಹಾಕುತ್ತೇನೆ. ಇವತ್ತು ಇದು ಮಾತಾಡಿದೆವು, ನೀವು ಹೀಗೆ ಹೇಳಿದಿರಿ, ನಾನು ಇಂಥ ದಿನದೊಳಗೆ ಇದನ್ನು ಮಾಡುತ್ತೇನೆ, ತಪ್ಪಿದ್ದರೆ ತಿಳಿಸಿ. ಇಷ್ಟೇ. ಹೆಚ್ಚಿನ ಸಲ ಉತ್ತರವೇ ಬರುವುದಿಲ್ಲ. ಬರದಿದ್ದರೂ ಪರವಾಗಿಲ್ಲ. ಮುಂದಿನ ಸಲ "ನಾನು ಹಾಗೆ ಹೇಳಿದ್ದೆನಾ?" ಅಂತ ಸರ್ ಕೇಳಿದರೆ ವಾದ ಮಾಡಬೇಕಾಗಿಲ್ಲ, ಮೇಲ್ ತೆರೆದರೆ ಆಯಿತು. ಯುಜಿಸಿಯ 2022ರ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ 8 ಮಂದಿ ಪಿಎಚ್‌ಡಿ ವಿದ್ಯಾರ್ಥಿಗಳವರೆಗೆ ಗೈಡ್ ಮಾಡಬಹುದು, ಅಸೋಸಿಯೇಟ್ 6, ಅಸಿಸ್ಟೆಂಟ್ 4. ಎಂಟು ಜನರ ಎಂಟು ಅಧ್ಯಾಯ ಯಾರ ತಲೆಯಲ್ಲಿ ನಿಲ್ಲುತ್ತದೆ ಹೇಳಿ?

ಆ ಮೇಲ್‌ಗಳನ್ನೇ ಜೋಡಿಸಿದರೆ ಪ್ರತಿ ಸೆಮಿಸ್ಟರಿನ ರಿಸರ್ಚ್ ಅಡ್ವೈಸರಿ ಕಮಿಟಿಗೆ ಪ್ರಗತಿ ವರದಿ ಅರ್ಧ ಸಿದ್ಧವಾಗಿರುತ್ತದೆ.

ಇನ್ನೊಂದು. ಕೆಲಸ ಆಗಿಲ್ಲ ಅಂತ ಭೇಟಿ ತಪ್ಪಿಸಬೇಡಿ. ನನ್ನ ಜೊತೆಯವನೊಬ್ಬ ಡೇಟಾ ಕೆಟ್ಟಿತು ಅಂತ ತಲೆಮರೆಸಿಕೊಂಡ. ಗೈಡ್ ಅಂದುಕೊಂಡದ್ದು ಹುಡುಗ ಬೇರೆ ಕೆಲಸ ಹಿಡಿದ ಅಂತ. "ಏನೂ ಆಗಿಲ್ಲ ಸರ್, ಇಲ್ಲಿ ಸಿಕ್ಕಿಕೊಂಡಿದ್ದೇನೆ" ಅನ್ನುವುದೂ ಒಂದು ಪ್ರಗತಿ ವರದಿಯೇ.

ಅಂಧೇರಿ_ಅಕ್ಕ

ಇನ್ನೊಂದು ಮಗ್ಗುಲೂ ಇದೆ, ಹೇಳದೆ ಬಿಡಲಾರೆ. ಮೆಂಟರ್ ಜೊತೆ ಚೆನ್ನಾಗಿರಬೇಕು ಅಂತ ಎಲ್ಲದಕ್ಕೂ ಹೂಂ ಅನ್ನಬೇಡಿ. ರಾತ್ರಿ ಹನ್ನೊಂದಕ್ಕೆ ವಾಟ್ಸ್ಯಾಪಿನಲ್ಲಿ ಪರ್ಸನಲ್ ಮಾತು, ಕಾಲೇಜಿನ ಹೊರಗೆ ಕಾಫಿಗೆ ಕರೆಯುವುದು, ಅವರ ಮನೆಯ ಕೆಲಸ ನಿಮ್ಮಿಂದ ಮಾಡಿಸುವುದು, ಇದು ಯಾವುದೂ ಮೆಂಟರಿಂಗ್ ಅಲ್ಲ. ಮಾತು ಮೇಲ್‌ನಲ್ಲಿ, ಭೇಟಿ ಸ್ಟಾಫ್ ರೂಮಿನಲ್ಲಿ, ಬಾಗಿಲು ತೆರೆದಿರಲಿ. ಒಳ್ಳೆಯ ಮೇಷ್ಟ್ರುಗಳು ಇದನ್ನು ಅವರಾಗಿಯೇ ಪಾಲಿಸುತ್ತಾರೆ.

ಗೆರೆ ದಾಟಿದರೆ ಐಸಿಸಿ, ಅಂದರೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇದೆ. 2013ರ ಕಾನೂನು, ಅದರ ಮೇಲೆ ವಿದ್ಯಾರ್ಥಿನಿಯರನ್ನೂ ಸೇರಿಸಿ ಯುಜಿಸಿ ಮಾಡಿದ 2015ರ ನಿಯಮ. ಪ್ರತಿ ಕಾಲೇಜಿನಲ್ಲಿ ಸಮಿತಿ ಇರಲೇಬೇಕು. ಇದು ಬಿಟ್ಟು ಬೇರೆ ಅನ್ಯಾಯ, ಅಂದರೆ ಹಾಜರಿ, ಮಾರ್ಕ್ಸ್, ದಾಖಲೆ ತಡೆಹಿಡಿಯುವುದು ಇಂಥದ್ದಕ್ಕೆ 2023ರ ನಿಯಮದ ಪ್ರಕಾರ ವಿದ್ಯಾರ್ಥಿ ಕುಂದುಕೊರತೆ ಸಮಿತಿ, ಅದರ ಮೇಲೆ ಓಂಬುಡ್ಸ್‌ಪರ್ಸನ್ (ಮೇಲ್ಮನವಿ ಕೇಳುವವರು). ಸಣ್ಣ ಮುನಿಸಿಗೆಲ್ಲ ಅಲ್ಲಿಗೆ ಓಡಬೇಕಿಲ್ಲ. ಆದರೆ ದಾರಿ ಗೊತ್ತಿರಲಿ.

ಮಾಟುಂಗಾ_ಮೇಡಂ

ಪೂರ್ತಿ ಒಪ್ಪಿದೆ. ಮೆಂಟರ್ ಬದಲಿಸಿ ಅಂತ ಎಚ್‌ಒಡಿಗೆ ಕೇಳಬಹುದು ಅನ್ನುವುದೂ ಸೇರಿಸಿಕೊಳ್ಳಿ. "ನನ್ನ ವಿಷಯ ಆ ಮ್ಯಾಮ್‌ಗೆ ಹೆಚ್ಚು ಹತ್ತಿರ" ಅನ್ನುವ ಕಾರಣ ಸಾಕು, ಯಾರ ಮೇಲೂ ದೂರು ಹೇಳಬೇಕಾಗಿಲ್ಲ.

ಡೊಂಬಿವಲಿ_ಫಾಸ್ಟ್

ಮೇಲ್ ಬರೆದಿದ್ದೇನೆ, ಇನ್ನೂ ಕಳಿಸಿಲ್ಲ. ಇಂಗ್ಲಿಷಿನಲ್ಲಿದೆ, ಇಲ್ಲಿ ಕನ್ನಡ ಮಾಡಿ ಹಾಕುತ್ತಿದ್ದೇನೆ, ನೋಡಿ:

"ಗೌರವಾನ್ವಿತ ಸರ್, ತಮ್ಮ ಅಮೂಲ್ಯ ಸಮಯ ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆ ಇರಲಿ. ನಾನು ತಮ್ಮ ವಿದ್ಯಾರ್ಥಿನಿ. ನನ್ನ ಭವಿಷ್ಯದ ಬಗ್ಗೆ ಬಹಳ ಗೊಂದಲದಲ್ಲಿದ್ದೇನೆ. ತಮಗೆ ಬಿಡುವಾದಾಗ ದಯವಿಟ್ಟು ಮಾರ್ಗದರ್ಶನ ನೀಡಬೇಕಾಗಿ ವಿನಂತಿ."

ಮಾಟುಂಗಾ_ಮೇಡಂ

ಇದನ್ನು ಓದಿದರೆ ನಾನು "ಓಕೆ, ಬಾ" ಅಂತ ಉತ್ತರಿಸಿ ಮರೆತುಬಿಡುತ್ತೇನೆ. ಯಾವಾಗ ಬರುತ್ತೀಯ, ಎಷ್ಟು ಹೊತ್ತು ಬೇಕು, ಯಾವ ಕ್ಲಾಸ್, ಯಾವ ವಿಷಯ, ಒಂದೂ ಇಲ್ಲ. "ಬಿಡುವಾದಾಗ" ಅಂದರೆ ಬಿಡುವು ಯಾವತ್ತೂ ಆಗುವುದಿಲ್ಲ. ಭವಿಷ್ಯ, ಗೊಂದಲ ಅಂತ ಓದಿದರೆ ಒಂದು ಗಂಟೆಯ ಕೆಲಸ ಇರಬೇಕು ಅನಿಸಿ ಮುಂದೆ ಹಾಕುತ್ತೇವೆ. ಹೀಗೆ ಬರೆ:

"ಸರ್, ನಾನು ಎಸ್‌ವೈ ಬಿಎಸ್ಸಿ, ರೋಲ್ ನಂಬರ್ ಇಷ್ಟು, ನಿಮ್ಮ ಮೆಂಟೀ. ಎರಡು ವಿಷಯ ಕೇಳಬೇಕಿತ್ತು. ಒಂದು, ಬೆಳಗಿನ ಪ್ರಾಕ್ಟಿಕಲ್‌ಗಳು ತಪ್ಪಿ ನನ್ನ ಹಾಜರಿ 75 ಶೇಕಡಾದ ಹತ್ತಿರ ಇಳಿದಿದೆ, ಮಧ್ಯಾಹ್ನದ ಬ್ಯಾಚಿಗೆ ಬದಲಾಯಿಸಲು ಆಗುತ್ತದೆಯೇ? ಎರಡು, ನಮ್ಮ ವಿಭಾಗದಲ್ಲಿ ನಾಲ್ಕನೇ ವರ್ಷ ಆನರ್ಸ್ ಬಗ್ಗೆ. ಮಂಗಳವಾರ ಅಥವಾ ಗುರುವಾರ ಊಟದ ಬಿಡುವಿನಲ್ಲಿ 10 ನಿಮಿಷ ಸಿಗಬಹುದೇ? ಮಾರ್ಕ್‌ಶೀಟ್ ಮತ್ತು ಹಾಜರಿ ಲೆಕ್ಕ ತರುತ್ತೇನೆ."

ಮೇಲ್‌ನ ಸಬ್ಜೆಕ್ಟ್ ಸಾಲಿನಲ್ಲಿ ಹೆಸರು, ರೋಲ್ ನಂಬರ್ ಹಾಕು. ಮೈನರ್ ವಿಷಯ ಈ ಸಲ ಬಿಡು. ಎರಡು ಸಾಕು. ಮೂರನೆಯದಕ್ಕೆ ಇನ್ನೊಂದು ಸಲ ಹೋಗುವ ನೆಪ ಸಿಗುತ್ತದೆ. ಎರಡು ದಿನ ಉತ್ತರ ಬರದಿದ್ದರೆ ನೇರ ಹೋಗಿ "ಸರ್, ಮೇಲ್ ಹಾಕಿದ್ದೆ" ಅನ್ನು. ಹಾಜರಿ ಕಡಿಮೆಯಾದದ್ದನ್ನು ಮುಚ್ಚಿಡಬೇಡ, ಟ್ರೇನ್ ಕಥೆ ಉದ್ದ ಮಾಡಬೇಡ. ಮುಂಬಯಿಯ ಮೇಷ್ಟ್ರಿಗೆ ಟ್ರೇನ್ ಬಗ್ಗೆ ಹೊಸದಾಗಿ ಹೇಳುವುದೇನಿದೆ?

ಬೀದರ್_ಟು_ಪುಣೆ

ಮೇಡಂ, ಇದೇ ಕೈಯಲ್ಲಿ ನನ್ನದೂ ಒಂದು. ಎಂಎಸ್ಸಿಗೆ ಹೊರದೇಶಕ್ಕೆ ಅರ್ಜಿ ಹಾಕುವ ತಂಗಿ ಇದ್ದಾಳೆ. ಎಲ್‌ಒಆರ್ (ಶಿಫಾರಸು ಪತ್ರ) ಕೇಳಿದರೆ ಅವಳ ಸರ್ "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಅಂದರಂತೆ.

ಮಾಟುಂಗಾ_ಮೇಡಂ

ಎಲ್ಲ ಕಡೆ ಹೀಗೇ ನಡೆಯುತ್ತದೆ, ಆದರೂ ಬರೆಯಬೇಡಿ. ಐದು ಹುಡುಗರು ಬರೆದ ಐದು ಪತ್ರದಲ್ಲೂ "ಶ್ರಮಜೀವಿ, ಪ್ರಾಮಾಣಿಕ" ಅಂತಲೇ ಇರುತ್ತದೆ, ಓದುವವರಿಗೆ ತಿಳಿಯುತ್ತದೆ. ಅದರ ಬದಲು ಒಂದು ಹಾಳೆ ಕೊಡಿ: ಯಾವ ಪ್ರಾಜೆಕ್ಟ್ ಅವರ ಕೈಕೆಳಗೆ ಮಾಡಿದ್ದು, ಅದರಲ್ಲಿ ಎಲ್ಲಿ ಸಿಕ್ಕಿಕೊಂಡು ಹೇಗೆ ಬಿಡಿಸಿಕೊಂಡದ್ದು, ಯಾವ ಸೆಮಿನಾರ್ ಕೊಟ್ಟದ್ದು, ಯಾವ ವಿಶ್ವವಿದ್ಯಾಲಯಕ್ಕೆ ಯಾವ ದಿನದೊಳಗೆ ಪತ್ರ ಹೋಗಬೇಕು. ಬ್ಲ್ಯಾಕ್ ಬುಕ್ (ಪ್ರಾಜೆಕ್ಟ್ ವರದಿ) ಪ್ರತಿಯನ್ನೂ ಪಕ್ಕದಲ್ಲಿಡಿ. ಮೂರು ವಾರ ಮುಂಚೆ. ಆ ಹಾಳೆ ಇದ್ದರೆ ಪತ್ರವನ್ನು ಅವರೇ ಬರೆಯುತ್ತಾರೆ, ಯಾಕಂದರೆ ಕೆಲಸ ಅರ್ಧ ಆಗಿರುತ್ತದೆ. ಮತ್ತೆ, ಎಂದೂ ಭೇಟಿಯಾಗದ ಎಚ್‌ಒಡಿಗಿಂತ ಪ್ರಾಜೆಕ್ಟ್ ನೋಡಿದ ಚಿಕ್ಕ ಮೇಷ್ಟ್ರ ಪತ್ರವೇ ಮೇಲು.

ಡೊಂಬಿವಲಿ_ಫಾಸ್ಟ್

ಅಪ್‌ಡೇಟ್. ಮೇಲ್‌ಗೆ ಉತ್ತರ ಬರಲಿಲ್ಲ. ನೇರ ಹೋದೆ. ಸರ್ "ಹಾಂ, ಪ್ರಾಕ್ಟಿಕಲ್ ಬ್ಯಾಚಿನದ್ದು ನಿಂದೇ ಅಲ್ವಾ" ಅಂದರು, ಅಂದರೆ ಓದಿದ್ದರು. ಮಧ್ಯಾಹ್ನದ ಬ್ಯಾಚಿಗೆ ಬದಲಾಯಿಸಿಕೊಟ್ಟರು, ತಪ್ಪಿದ ಪ್ರಾಕ್ಟಿಕಲ್‌ಗಳ ಪೈಕಿ ಎರಡನ್ನು ಮತ್ತೆ ಮಾಡಲು ಬಿಡುತ್ತಾರೆ, ಉಳಿದದ್ದು ಇಲ್ಲ. ನಾಲ್ಕನೇ ವರ್ಷದ ಬಗ್ಗೆ "ನನಗೇ ಸರಿಯಾಗಿ ಗೊತ್ತಿಲ್ಲ" ಅಂತ ನೇರವಾಗಿ ಹೇಳಿ, ಆ ಕಮಿಟಿಯಲ್ಲಿರುವ ಇನ್ನೊಬ್ಬ ಮ್ಯಾಮ್ ಹತ್ತಿರ ಕಳಿಸಿದರು. ಅವರು ಗಣಪತಿ ರಜೆ ಮುಗಿದ ಮೇಲೆ ಬಾ ಅಂದಿದ್ದಾರೆ. ಗುಡ್ಡದ ಅಣ್ಣ ಹೇಳಿದ ಹಾಗೆ ಸಂಜೆ ನಾಲ್ಕು ಸಾಲು ಮೇಲ್ ಹಾಕಿದೆ. ಅದಕ್ಕೆ ಸರ್ ಒಂದು ಥಂಬ್ಸ್ ಅಪ್ ಗುರುತು ಕಳಿಸಿದ್ದಾರೆ.

ಜತ್_ತಾಲೂಕು

ನಂದೂ ಮುಂದೆ ಹೋಯಿತು. ಅರ್ಜಿ ನಿಂತದ್ದು ಇನ್‌ಕಮ್ ಸರ್ಟಿಫಿಕೇಟ್ ಹಳೆಯದಾಗಿದ್ದಕ್ಕೆ. ಮ್ಯಾಡಂ ಕ್ಲರ್ಕಿಗೆ ಫೋನ್ ಮಾಡಿ ಕೇಳಿದರು. ಈಗ ಹೊಸದು ಮಾಡಿಸಲು ಊರಿಗೆ ಹೋಗುತ್ತಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ನಮ್ಮ ಮ್ಯಾಡಂ ಸಿಎಚ್‌ಬಿ, ಅಂದರೆ ಗಂಟೆ ಲೆಕ್ಕದ ಸಂಬಳದ ಮೇಲೆ ಇರುವವರು. ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅಂತ ಅವರಿಗೇ ಗೊತ್ತಿಲ್ಲ. ಹೊಸಬರು ಬಂದರೆ ಮತ್ತೆ ಮೊದಲಿಂದ ಶುರುನಾ?

ಮಾಟುಂಗಾ_ಮೇಡಂ

ಸಿಎಚ್‌ಬಿಯವರಿಗೆ ಲೆಕ್ಚರಿನ ಗಂಟೆಗೆ ಮಾತ್ರ ದುಡ್ಡು. ನಿನಗಾಗಿ ಫೋನ್ ಮಾಡಿದ್ದಕ್ಕೆ ಅವರಿಗೆ ಏನೂ ಸಿಗುವುದಿಲ್ಲ, ಅದನ್ನು ನೆನಪಿಟ್ಟು ಒಂದು ಥ್ಯಾಂಕ್ಸ್ ಹೇಳು.

ಸೆಮಿಸ್ಟರ್ ಮುಗಿಯುವ ಮುಂಚೆ ಅವರಿಂದ ಮೆಂಟರ್ ಫಾರ್ಮಿನಲ್ಲಿ ಸ್ಕಾಲರ್‌ಶಿಪ್ ವಿಷಯ ಬರೆಸಿಕೊಂಡು ಅದರ ಒಂದು ಜೆರಾಕ್ಸ್ ನಿನ್ನ ಹತ್ತಿರ ಇಟ್ಟುಕೋ. ಅವರ ಮೇಲ್ ವಿಳಾಸವನ್ನೂ ಕೇಳಿಟ್ಟುಕೋ, ಕಾಲೇಜಿನದ್ದಲ್ಲ, ಸ್ವಂತದ್ದು, ಅವರು ಕೊಟ್ಟರೆ. ಕಾಲೇಜು ಬಿಟ್ಟ ದಿನ ಕಾಲೇಜಿನ ಮೇಲ್ ಬಂದ್ ಆಗುತ್ತದೆ. ಜೂನ್‌ನಲ್ಲಿ ಹೊಸ ಮೆಂಟರ್ ಪಟ್ಟಿ ಬಂದ ವಾರವೇ ಜೆರಾಕ್ಸ್ ಹಿಡಿದು ಹೋಗು. "ಹಿಂದಿನ ಮ್ಯಾಡಂ ಇಲ್ಲಿಯವರೆಗೆ ಮಾಡಿಕೊಟ್ಟಿದ್ದಾರೆ, ಮುಂದಿನದು ಇದು" ಅಂತ ತೋರಿಸಿದರೆ ಅವರು ಅಲ್ಲಿಂದಲೇ ಹಿಡಿದುಕೊಳ್ಳುತ್ತಾರೆ. ಇನ್‌ಕಮ್ ಸರ್ಟಿಫಿಕೇಟ್ ಮಾಡಿಸುವಾಗ ಎರಡು ಮೂರು ಜೆರಾಕ್ಸಿಗೆ ಅಟೆಸ್ಟೇಷನ್ ಕೂಡ ಅಲ್ಲೇ ಮಾಡಿಸಿಕೊಂಡು ಬಾ, ಹಾಸ್ಟೆಲಿಗೂ ಕೇಳುತ್ತಾರೆ.